ಆರೈಕೆಗೆ ಒಬ್ಬರು

"ತಲೆ ಮುಂದೆ ಬರ್ಲಿ, ತಲೆ! ಕಾಲು ಮೊದಲು ಬಂದ್ರೆ ತಿರುವಲ್ಲಿ ಹಲಗೆ ಸಿಕ್ಕಿಹಾಕ್ಕೊಳ್ಳುತ್ತೆ," ಎಂದು ಮೇಲ್ಮನೆ ಅತ್ತೆ ಮೆಟ್ಟಿಲ ತುದಿಯಲ್ಲಿ ನಿಂತು ಪಿಸುದನಿಯಲ್ಲೇ ಗದರಿದಳು.

ಲೋಕವೆಲ್ಲ ಹೆಣವನ್ನು ಮೆಟ್ಟಿಲು ಇಳಿಸುತ್ತದೆ. ಇವರು ಹತ್ತಿಸುತ್ತಿದ್ದರು.

ತಲೆಯ ಕಡೆ ಬೇಕರಿಯ ಮೇಸ್ತ್ರಿ, ಅವನ ಜೊತೆ ಹಿಟ್ಟು ಕಲೆಸುವ ಇಬ್ಬರು. ಕಾಲಿನ ಕಡೆ ಪೇಂಟರ್ ಒಬ್ಬನೇ. ಅವನ ಎಡಗೈ ಭಾರ ಎತ್ತಬಾರದೆಂದು ಡಾಕ್ಟರ ಕಟ್ಟಪ್ಪಣೆ ಇತ್ತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆ ತೋಳಿನ ನರವನ್ನು ಹಗ್ಗದಷ್ಟು ದಪ್ಪಕ್ಕೆ ಹಿಗ್ಗಿಸಿದ್ದರು. ಅವನು ಬಲಗೈಯನ್ನು ಹಲಗೆಯ ಅಡಿಗೆ ಕೊಟ್ಟು, ಉಳಿದ ಭಾರವನ್ನು ಎದೆಗೆ ಆನಿಸಿಕೊಂಡು ಒಂದೊಂದೇ ಮೆಟ್ಟಿಲು ಏರುತ್ತಿದ್ದ. ಹಲಗೆ ಬೇಕರಿಯದು, ಒಲೆಯಿಂದ ತೆಗೆದ ಬ್ರೆಡ್ಡು ಆರಲೆಂದು ಸಾಲಾಗಿ ಇಡುವಂಥದ್ದು. ಲಂಗ ತೊಡುವ ವಯಸ್ಸಿನಿಂದ ಅದರ ಮೇಲೆ ಬ್ರೆಡ್ಡು ಜೋಡಿಸಿದವಳು ಈಗ ತಾನೇ ಅದರ ಮೇಲೆ ಆರುತ್ತಿದ್ದಳು.

"ಬ್ರೆಡ್ಡಕ್ಕ ಇಷ್ಟು ಭಾರ ಅಂತ ಗೊತ್ತೇ ಇರ್ಲಿಲ್ಲ," ಎಂದ ಹಿಟ್ಟು ಕಲೆಸುವವರಲ್ಲೊಬ್ಬ.

"ಬದುಕಿದ್ದಾಗ ಯಾರ ಮೇಲೂ ಭಾರ ಹಾಕ್ಲಿಲ್ಲವಲ್ಲ, ನಿನಗೆಲ್ಲಿ ಗೊತ್ತಾಗ್ಬೇಕು," ಎಂದ ಮೇಸ್ತ್ರಿ. "ಬಾಯಿ ಮುಚ್ಕೊಂಡು ಎತ್ತು."

ಕೆಳಗೆ, ಮನೆಯ ಬಾಗಿಲಲ್ಲಿ, ತಮ್ಮ ನಿಂತಿದ್ದ. ಬ್ರೆಡ್ಡಕ್ಕನ ಒಡಹುಟ್ಟಿದವನು. ಅವಳು ಕರೆದದ್ದನ್ನೇ ಕೇಳಿ ಕೇಳಿ ಬೀದಿಯೆಲ್ಲ ಅವನನ್ನು ತಮ್ಮ ಎಂದೇ ಕರೆಯುತ್ತಿತ್ತು, ಅವನಿಗಿಂತ ಚಿಕ್ಕವರು ಕೂಡ. ಮುದ್ರಣಾಲಯದಲ್ಲಿ ಹಾಳೆ ಕತ್ತರಿಸುವ ಯಂತ್ರ ನಡೆಸುತ್ತಿದ್ದ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಕೆಲಸವೂ ಕೈಕೊಟ್ಟಿತು. ಪೇಂಟರನ ಹಾಗೇ ಅವನ ತೋಳಿನಲ್ಲೂ ಹಗ್ಗದಂಥ ನರವಿತ್ತು. ವಾರಕ್ಕೆ ಮೂರು ಸಲ ಇಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ಒರಗಿ, ತಂತಮ್ಮ ರಕ್ತ ಕೊಳವೆಯಲ್ಲಿ ಹೊರಟು ಹೋಗಿ ತಿರುಗಿ ಬರುವುದನ್ನು ನೋಡುತ್ತ, ಡಾಕ್ಟರನ್ನು ಬೈಯುತ್ತ ಕಾಲ ಕಳೆಯುತ್ತಿದ್ದರು.

ಹೆಣದ ಗಾಡಿ ಬೆಳಿಗ್ಗೆಯೇ ಬರಬೇಕಿತ್ತು. ಬರಲಿಲ್ಲ. ದಾರಿಯಲ್ಲಿ ಕೆಟ್ಟು ನಿಂತಿದೆ, ಬೇರೆ ಕಳಿಸುತ್ತೇವೆ ಎಂದು ಫೋನು ಬಂತು. ಅಷ್ಟರೊಳಗೆ ದೊಡ್ಡಾಸ್ಪತ್ರೆಯಿಂದ ಮನೆ ನೋಡುವವರು ಬರಲಿದ್ದರು. ಕಿಡ್ನಿ ಕಸಿಗೆ ಆರಿಸುವ ಮುನ್ನ ರೋಗಿಯ ಮನೆ ನೋಡುತ್ತಾರೆ. ಮನೆ ಚೊಕ್ಕಟವಾಗಿದೆಯೇ, ಆಪರೇಷನ್ ಆದ ಮೇಲೆ ನೋಡಿಕೊಳ್ಳಲು ಗಟ್ಟಿಮುಟ್ಟಾದ ಒಬ್ಬರು ಅದೇ ಸೂರಿನಡಿ ಇದ್ದಾರೆಯೇ ಎಂದು ವಿಚಾರಿಸುತ್ತಾರೆ. ಹಾಗೆ ಒಬ್ಬರು ಇಲ್ಲದಿದ್ದರೆ ಕಿಡ್ನಿ ವ್ಯರ್ಥವಾಗುತ್ತದೆ ಎಂಬುದು ಅವರ ಲೆಕ್ಕ. ಒಬ್ಬರೂ ಇಲ್ಲದ ಮನುಷ್ಯ ಅದಾಗಲೇ ವ್ಯರ್ಥ ಎಂಬುದು ಆ ಲೆಕ್ಕದ ಒಳಗಿನ ಲೆಕ್ಕ. ತಮ್ಮನಿಗೆ ಆ ಒಬ್ಬರು ಅಕ್ಕ. ಆ ಒಬ್ಬರು ಈಗ ಮೆಟ್ಟಿಲ ತಿರುವಿನಲ್ಲಿ ಓರೆಯಾಗಿ ನಿಂತಿದ್ದರು.

*

"ಇವನಿಗೆ ನೀವೇನಾಗ್ಬೇಕು?" ಎಂದು ಡಯಾಲಿಸಿಸ್ ಡಾಕ್ಟರು ಅಂದು ಬ್ರೆಡ್ಡಕ್ಕನನ್ನು ಕೇಳಿದ್ದರು.

"ಅಕ್ಕ."

"ನಿಮ್ಮ ಕಿಡ್ನಿ ಕೊಡೋ ವಿಚಾರ..."

"ರಕ್ತದ ಗುಂಪು ಕೂಡಲ್ಲ ಅಂದ್ರು ಸಾರ್. ಒಂದೇ ಹೊಟ್ಟೇಲಿ ಹುಟ್ಟಿ ರಕ್ತ ಬೇರೆ ಅಂದ್ರೆ ಇದ್ಯಾವ ನ್ಯಾಯ ಅಂತ ಕೇಳ್ದೆ. ನ್ಯಾಯ ಅಲ್ಲಮ್ಮ ಇದು, ಪರೀಕ್ಷೆ ಅಂದ್ರು."

ಡಾಕ್ಟರು ನಕ್ಕರು. ಕೆಟ್ಟ ಮನುಷ್ಯನಲ್ಲ. ಕಣ್ಣಿನ ಕೆಳಗೆ ಕಪ್ಪು, ಅಂಗಿಯ ತೋಳಿಗೆ ಶಾಯಿ. ಯಾರೋ ಸತ್ತವರ ಕಿಡ್ನಿ ಸಿಗುವ ಸರದಿಗೆ ಹೆಸರು ಹಾಕಬೇಕಾದರೆ ದೊಡ್ಡಾಸ್ಪತ್ರೆಗೆ ಶಿಫಾರಸು ಮಾಡಬೇಕು, ಈ ಸಲ ನಮ್ಮ ಘಟಕದಿಂದ ಒಂದೇ ಹೆಸರು ತಗೊಳ್ಳುತ್ತಾರೆ ಎಂದು ಅವರು ವಿವರಿಸಿದರು.

"ಇಲ್ಲಿ ಕುರ್ಚಿ ತುಂಬ ಜನ ಇದ್ದಾರಲ್ಲ ಸಾರ್. ಉಳಿದೋರು?"

ಡಾಕ್ಟರು ಪೆನ್ನು ಕೆಳಗಿಟ್ಟರು. "ನಾನು ಕಳಿಸಿದೋರು ಕಸಿ ಆದ ಮೇಲೆ ಉಳೀದಿದ್ರೆ ಮುಂದಿನ ಸಲ ಆ ಒಂದನ್ನೂ ಕೊಡಲ್ಲ. ಹಾಗಾಗಿ ತೀರಾ ಬೇಕಾದೋರನ್ನ ಕಳಿಸೋದಲ್ಲಮ್ಮ ನಾನು. ಬಾಳೋರನ್ನ ಕಳಿಸೋದು. ಮಾತ್ರೆ ಹೊತ್ತಿಗೆ ನುಂಗ್ಸೋರು, ಜ್ವರ ಬಂದ್ರೆ ಎತ್ಕೊಂಡು ಓಡೋರು ಒಬ್ರು ಇರ್ಬೇಕು. ಇವನ ಹಿಂದೆ ನೀವಿದ್ದೀರ, ಸರಿ. ಪೇಂಟರ್‌ಗೆ ಅವನ ಹೆಂಡ್ತಿ ಇದ್ದಾಳೆ, ಅವನು ಇವನ ನಂತರ. ಆ ಮೂಲೇಲಿ ಕೂತಿರೋ ಅಜ್ಜನಿಗೆ ಯಾರೂ ಇಲ್ಲ. ನನಗೆ ನಿದ್ದೆ ಬರುತ್ತೆ ಅಂದ್ಕೊಂಡ್ರಾ?"

ತಾನು ಕೂತ ಕುರ್ಚಿ ಯಾರೋ ಒಬ್ಬರ ಎದೆಯ ಮೇಲೆ ಇದೆ ಎಂದು ಅವಳಿಗೆ ಅನ್ನಿಸಿರಬೇಕು. ಸ್ವಲ್ಪ ಮುಂದಕ್ಕೆ ಸರಿದು ತುದಿಯಲ್ಲಿ ಕೂತಳು.

"ನಿಮ್ಮ ಆರೋಗ್ಯ ಹೇಗಿದೆ? ಬಿಪಿ, ಎದೆ, ಸಕ್ಕರೆ?"

"ನನಗೇನು ಸಾರ್. ಗುಂಡುಕಲ್ಲು ಇದ್ದ ಹಾಗಿದೀನಿ."

"ನೋಡ್ಕೊಳ್ಳೋರೇ ಕಾಯಿಲೆಯೋರಾದ್ರೆ ಹೆಸರು ಬಿಟ್ಟುಹೋಗುತ್ತೆ. ಅದಕ್ಕೆ ಕೇಳಿದ್ದು."

"ಒಲೆ ಮುಂದೆ ನಿಂತು ಬೆಂದಿರೋ ಜೀವ," ಎಂದಳು ಬ್ರೆಡ್ಡಕ್ಕ. "ಇನ್ನು ಕೆಡೋಕೆ ಏನಿದೆ?"

*

"ನಾನು ಫೋನು ಮಾಡ್ತೀನಿ," ಎಂದ ತಮ್ಮ. ಹೆಣವನ್ನು ಮೇಲ್ಮನೆಯ ಕೋಣೆಯಲ್ಲಿ ಮಲಗಿಸಿ ಎಲ್ಲರೂ ಕೆಳಗಿಳಿದು ಬಂದಿದ್ದರು. "ಅಕ್ಕ ಹೋದ್ಲು, ಇವತ್ತು ಬರ್ಬೇಡಿ ಅಂತೀನಿ. ಅವರೂ ಮನುಷ್ಯರೇ."

ಮೇಲ್ಮನೆ ಅತ್ತೆ ಅವನ ಕೈಯಿಂದ ಫೋನು ಕಿತ್ತುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿದಳು. ಅವಳು ಯಾರಿಗೂ ಅತ್ತೆಯಲ್ಲ. ಮಕ್ಕಳಿಲ್ಲದವಳು, ಗಂಡನನ್ನು ಎಂದೋ ಕಳೆದುಕೊಂಡವಳು. ಆದರೆ ಇಡೀ ಕಟ್ಟಡದ ಮೇಲೆ ಸೊಸೆಯಂದಿರ ಮೇಲಿನಷ್ಟು ಅಧಿಕಾರ ನಡೆಸುತ್ತಿದ್ದಳು.

"ಮನುಷ್ಯರೇ. ಒಳ್ಳೇ ಮನುಷ್ಯರು. ಅಯ್ಯೋ ಪಾಪ ಅಂತಾರೆ, ಅಂದು ನಿನ್ನ ಹೆಸರಿನ ಮೇಲೆ ಗೀಟು ಎಳೀತಾರೆ. ಪಾಪ ಅಂದ್ರೆ ನಿನಗೆ ಕಿಡ್ನಿ ಬೆಳೆಯುತ್ತಾ?"

"ಅಕ್ಕನ ಹೆಣ ಮೇಲಿಟ್ಕೊಂಡು ಕೆಳಗೆ ನಾಟಕ ಆಡು ಅಂತೀರಾ?"

"ಆಡು ಅಂತೀನಿ. ಅವಳೇ ಇದ್ದಿದ್ರೆ ಅವಳೂ ಅದನ್ನೇ ಅಂತಿದ್ಲು."

"ನಿಮಗೇನು ಗೊತ್ತು ಅವಳೇನು ಅಂತಿದ್ಲು ಅಂತ!"

ಗೋಡೆಗೊರಗಿ ನಿಂತಿದ್ದ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. ದೊಡ್ಡ ದೇಹ, ಹುಬ್ಬಿನ ತುಂಬ ಹಿಟ್ಟು. ನಿನ್ನೆ ಮಧ್ಯಾಹ್ನ ಬ್ರೆಡ್ಡಕ್ಕ ಒಲೆಯ ಮುಂದೆ ಕುಸಿದು ಬಿದ್ದಾಗ ಎತ್ತಿ ತಂದವನು ಅವನೇ. ಆಮೇಲೆ ಅವನು ಮುಖ ತೊಳೆದಿರಲಿಲ್ಲ.

"ನನಗೆ ಗೊತ್ತು," ಎಂದ. "ಅವಳು ಹಠಾತ್ತನೆ ಹೋಗ್ಲಿಲ್ಲ, ತಮ್ಮ. ಹೋದ ಮಳೆಗಾಲದಿಂದ ಎದೆ ಹಿಡ್ಕೋತಿತ್ತು. ಹಿಟ್ಟಿನ ಮೂಟೆ ಮೇಲೆ ಕೂತುಬಿಡೋಳು. ಹಣೆ ಎಲ್ಲ ಬೆವರು. ಡಾಕ್ಟ್ರಿಗೆ ತೋರ್ಸು ಅಂದ್ರೆ ಗ್ಯಾಸು ಅನ್ನೋಳು."

"ನನಗೆ ಯಾಕೆ ಹೇಳ್ಲಿಲ್ಲ?"

"ಆಣೆ ಹಾಕಿಸ್ಕೊಂಡಿದ್ಲು."

"ಆಣೆ ಹಾಕಿದ್ರೆ ಆಯ್ತಾ? ನೀನೇನು ಮಗುವಾ? ಹೆಂಗಸು ಸಾಯ್ತಿದ್ದಾಳೆ ಅಂತ ಕಣ್ಣಿಗೆ ಕಾಣ್ತಿದೆ, ಆಣೆಯಂತೆ!"

ಮೇಸ್ತ್ರಿ ತಲೆಯೆತ್ತಲಿಲ್ಲ. "ಹೊಡಿ, ಹೊಡಿಸ್ಕೋತೀನಿ. ಆದ್ರೆ ಅವಳು ಹೇಳಿದ್ದು ಕೇಳು. ಆಸ್ಪತ್ರೆಗೆ ಕಾಲಿಟ್ರೆ ಕಂಪ್ಯೂಟರ್‌ನಲ್ಲಿ ಬರ್ಕೋತಾರೆ ಮೇಸ್ತ್ರಿ, ನನ್ನ ಎದೆ ಕೆಟ್ಟಿದೆ ಅಂತ ಬಂದ್ರೆ ಅವನ ಹೆಸರು ಹೋಗುತ್ತೆ. ಅವನದು ಆಗ್ಲಿ, ಮಾರನೇ ದಿನಾನೇ ತೋರಿಸ್ಕೋತೀನಿ ಅಂದ್ಲು. ನಾನೇನು ಹೇಳ್ಲಿ? ನೀನು ಸಾಯಲ್ಲ ಅಂತ ಹೇಳ್ಲಾ, ಅವನು ಸಾಯ್ಲಿ ಅಂತ ಹೇಳ್ಲಾ?"

ತಮ್ಮ ಮೆಲ್ಲಗೆ ಮಂಚದ ತುದಿಯಲ್ಲಿ ಕೂತ. ಅತ್ತೆ ಪೊರಕೆ ತೆಗೆದುಕೊಂಡು, ಹೆಣ ಮಲಗಿಸಿದ್ದ ಜಾಗವನ್ನು ಗುಡಿಸತೊಡಗಿದಳು. ನೆಲ ಆಗಲೇ ಸ್ವಚ್ಛವಾಗಿತ್ತು. ಆದರೂ ಗುಡಿಸಿದಳು.

*

ಅವರಮ್ಮ ತೀರಿಕೊಂಡಾಗ ತಮ್ಮನಿಗೆ ಇನ್ನೂ ಹಾಲುಹಲ್ಲು. ಅಪ್ಪ ಎಂಬುವನು ಅದಕ್ಕೂ ಮೊದಲೇ ಎತ್ತಲೋ ಹೋಗಿದ್ದ. ಅಕ್ಕ ಶಾಲೆಯ ಚೀಲವನ್ನು ಬೇಕರಿಯ ಮೊಳೆಗೆ ನೇತುಹಾಕಿ ಏಪ್ರನ್ ಕಟ್ಟಿಕೊಂಡಳು. ಚೀಲ ಎಷ್ಟೋ ಕಾಲ ಅಲ್ಲೇ ನೇತಾಡುತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ತಮ್ಮನನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದಳು. ಒಲೆಯ ಹಿಂಬದಿಯ ಬೆಚ್ಚಗಿನ ಗೋಡೆಗೆ ಹಿಟ್ಟಿನ ಮೂಟೆಗಳನ್ನು ಒತ್ತರಿಸಿ ಅವುಗಳ ನಡುವೆ ಅವನನ್ನು ಮಲಗಿಸುತ್ತಿದ್ದಳು. ಅವನು ಏಳುವಾಗ ರೆಪ್ಪೆ ಬೆಳ್ಳಗಿರುತ್ತಿತ್ತು. "ಮುದುಕಪ್ಪ ಎದ್ದ, ಬ್ರೆಡ್ಡು ಕೊಡ್ರೋ," ಎಂದು ಎಲ್ಲರೂ ನಗುತ್ತಿದ್ದರು.

ಅವಳನ್ನು ಒಬ್ಬ ಕೇಳಿಕೊಂಡು ಬಂದಿದ್ದ, ಸಕ್ಕರೆ ಸರಬರಾಜು ಮಾಡುವವನು. ನೋಡಲು ಚೆನ್ನಾಗಿದ್ದ. ತಮ್ಮನನ್ನು ಹಾಸ್ಟೆಲಿಗೆ ಸೇರಿಸೋಣ ಎಂದ. "ಹಾಗಾದ್ರೆ ನೀನೇ ಹಾಸ್ಟೆಲಿಗೆ ಸೇರ್ಕೋ," ಎಂದು ಅವಳು ಒಲೆಯ ಬಾಗಿಲು ತೆಗೆದಳಂತೆ. ಬೇಕರಿಯವರು ಅದನ್ನು ಈಗಲೂ ಹೇಳಿಕೊಂಡು ನಗುತ್ತಾರೆ. ಅವಳು ಆಮೇಲೆ ಎಂದಾದರೂ ಅತ್ತಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಒಲೆಯ ಮುಂದೆ ಮುಖದ ಮೇಲಿನ ನೀರು ಯಾವುದೆಂದು ಯಾರು ಕೇಳುತ್ತಾರೆ?

ಅವಳಿಗೆ ಒಂದು ಚಟವಿತ್ತು. ತುಂಡಾದ, ಸೀದುಹೋದ ಬ್ರೆಡ್ಡನ್ನು ಆರಿಸಿ ತಂದು ಕಟ್ಟಡದ ಮನೆಮನೆಗೂ ಹಂಚುತ್ತಿದ್ದಳು. ಬಿಸಾಡೋದನ್ನ ಯಾಕೆ ತರ್ತೀಯ ಎಂದು ಒಮ್ಮೆ ಮೇಲ್ಮನೆ ಅತ್ತೆ ಕೊಂಕು ನುಡಿದಾಗ, "ಸೀದಿದ್ರೂ ಬ್ರೆಡ್ಡೇ ಅಲ್ವಾ ಅತ್ತೆ, ಕೆರ್ಕೊಂಡು ತಿನ್ನಿ," ಎಂದಿದ್ದಳು.

*

"ಈಗ ಅಕ್ಕ ಯಾರಾಗೋದು?" ಎಂದಳು ಅತ್ತೆ. "ನಾನಾಗೋಣ ಅಂದ್ರೆ ನನ್ನ ನೋಡಿದ ಕೂಡ್ಲೇ ಈ ಮುದುಕೀನ ನೋಡ್ಕೊಳ್ಳೋಕೇ ಒಬ್ರು ಬೇಕು ಅಂತಾರೆ. ಬರೋಳು ಹೊಸಬಳು, ಬ್ರೆಡ್ಡಕ್ಕನ ಮುಖ ನೋಡಿಲ್ಲ. ಮಾತ್ರೆ ಹೆಸರು, ನೀರಿನ ಅಳತೆ ಗೊತ್ತಿರೋಳು ಬೇಕು."

ಎಲ್ಲರ ಕಣ್ಣೂ ಒಮ್ಮೆಗೇ ಪೇಂಟರನ ಹೆಂಡತಿಯ ಕಡೆ ತಿರುಗಿದವು.

ಅವಳು ಶಾಲೆಯೊಂದರಲ್ಲಿ ಆಯಾ. ಅಳುವ ಮಕ್ಕಳ ಮೂಗು ಒರೆಸಿ ಒರೆಸಿ ಸೆರಗಿನ ಒಂದು ತುದಿ ಯಾವಾಗಲೂ ಕೈಯಲ್ಲೇ ಇರುತ್ತಿತ್ತು. ಅವಳಿಗೂ ಬ್ರೆಡ್ಡಕ್ಕನಿಗೂ ಸ್ನೇಹ ಬೆಳೆದದ್ದು ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನ ಮೇಲೆ. ಒಬ್ಬಳಿಗೆ ಕೆಲಸವಿದ್ದರೆ ಇನ್ನೊಬ್ಬಳು ಇಬ್ಬರನ್ನೂ ಮನೆಗೆ ತಲುಪಿಸುತ್ತಿದ್ದಳು.

ಅವಳು ಗಂಡನ ಮುಖ ನೋಡಿದಳು.

ಪೇಂಟರ್ ತೋಳು ನೀವಿಕೊಳ್ಳುತ್ತಿದ್ದ. ಈ ಮನೆ ಸರಿಯಿಲ್ಲ ಎಂದಾದರೆ ಮುಂದಿನ ಹೆಸರು ತನ್ನದು ಎಂದು ಅವನಿಗೆ ಗೊತ್ತಿತ್ತು, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನು ಸುಮ್ಮನಿದ್ದರೆ ಸಾಕಿತ್ತು. ಹೆಂಡತಿಗೆ ತಲೆನೋವು ಎಂದರೂ ಸಾಕಿತ್ತು.

"ಕೂತ್ಕೋ," ಎಂದ. "ಒಂದರ್ಧ ಗಂಟೆ ಮಾತು."

"ಬೇಡ ಕಣೋ," ಎಂದ ತಮ್ಮ.

"ಏಯ್, ಸರದೀಲಿ ಹಿಂದೆ ನಿಂತೋನು ಮುಂದಿನೋನ್ನ ತಳ್ಳಬಾರ್ದು. ಅಷ್ಟೇ ನನಗೆ ಗೊತ್ತಿರೋ ಕಾನೂನು." ಪೇಂಟರ್ ನಗಲು ನೋಡಿದ. "ನಿನ್ನದಾದ್ಮೇಲೆ ನನ್ನದು. ಬೇಗ ಬೇಗ ಮುಗಿಸು."

ಅವನು ಮೇಸ್ತ್ರಿಯ ಜೊತೆ ಮೇಲ್ಮನೆಗೆ ಹೆಣದ ಬಳಿ ಹೋದ.

ದೊಡ್ಡಾಸ್ಪತ್ರೆಯಿಂದ ಬಂದವಳು ಚಿಕ್ಕ ವಯಸ್ಸಿನವಳು. ಹೆಲ್ಮೆಟ್ಟು ತೆಗೆದಾಗ ಕೂದಲು ಹಣೆಗೆ ಅಂಟಿಕೊಂಡಿತ್ತು. ಬೆಳಗಿನಿಂದ ಏನೂ ತಿಂದಿರಲಿಕ್ಕಿಲ್ಲ. ಅತ್ತೆ ಕೊಟ್ಟ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು. "ಕೆಲವು ಪ್ರಶ್ನೆ ಕೇಳ್ತೀನಿ, ಬೇಜಾರಾಗ್ಬಾರ್ದು. ಪ್ರಶ್ನೆ ನನ್ನದಲ್ಲ," ಎಂದಳು.

ಬಚ್ಚಲು ನೋಡಿದಳು. ಕಿಟಕಿ ತೆಗೆದು ಮುಚ್ಚಿ ನೋಡಿದಳು. ಗೋಡೆಯ ಮೂಲೆಗೆ ಬೆರಳು ತಾಗಿಸಿ ತೇವವಿದೆಯೇ ಎಂದು ನೋಡಿದಳು.

"ಹೆಣ್ಣು ನೋಡೋಕೆ ಬಂದೋರೂ ಇಷ್ಟು ನೋಡಲ್ಲ," ಎಂದಳು ಅತ್ತೆ.

"ಗಂಡು ನೋಡೋಕೆ ಬಂದಿದೀನಿ ಅಂದ್ಕೊಳ್ಳಿ," ಎಂದು ಬಂದವಳು ನಕ್ಕಳು. ಅವಳ ನಗು ಮುದ್ದಾಗಿತ್ತು. ಆ ನಗುವಿಗೆ ತಮ್ಮನೂ ಮರುನಗು ನಗಬೇಕಾಯಿತು.

"ಅಕ್ಕ ನೀವೇನಾ?"

"ನಾನೇ," ಎಂದಳು ಪೇಂಟರನ ಹೆಂಡತಿ.

ಆಮೇಲೆ ಅವಳು ಎಲ್ಲೂ ಎಡವಲಿಲ್ಲ. ಯಾವ ಮಾತ್ರೆ ಊಟದ ಜೊತೆ, ಯಾವುದು ಬರಿ ಹೊಟ್ಟೆಗೆ, ನೀರನ್ನು ಯಾವ ಲೋಟದಲ್ಲಿ ಅಳೆಯುವುದು, ಬಾಯಾರಿದಾಗ ಐಸಿನ ಚೂರು ಕೊಟ್ಟು ಹೇಗೆ ಸಮಾಧಾನ ಮಾಡುವುದು ಎಲ್ಲವನ್ನೂ ಹೇಳಿದಳು. ಬೆಳಗಿನ ಜಾವ ಅವನ ಪಾದ ಒತ್ತಿ ನೋಡಿ, ಬೆರಳಿನ ಗುಳಿ ಉಳಿದರೆ ಅಂದು ಉಪ್ಪು ಇಲ್ಲ ಎಂದಳು. ಸುಳ್ಳು ಒಂದೂ ಇರಲಿಲ್ಲ. ಪಾದ ಮಾತ್ರ ಬೇರೆಯವನದು.

"ನಿಮಗೇನಾದ್ರೂ ಕಾಯಿಲೆ?"

"ಕಾಯಿಲೆ ಬೀಳೋಕೆ ಪುರುಸೊತ್ತೆಲ್ಲಿದೆ ಮೇಡಂ."

"ಎಲ್ಲಾ ಅಕ್ಕಂದಿರೂ ಹೀಗೇ ಹೇಳ್ತಾರೆ." ಬಂದವಳು ಬರೆದುಕೊಂಡು ತಲೆಯೆತ್ತಿದಳು. ಅವಳ ದನಿಯಲ್ಲಿ ಸಮಾಧಾನವಿತ್ತು. "ನಿಜ ಹೇಳ್ಬೇಕಂದ್ರೆ ಇಂಥ ಮನೆ ಸಿಕ್ಕಿದ್ರೆ ನನಗೂ ಹಗುರ. ಇಲ್ಲಾಂದ್ರೆ ನಾಳೆ ಇನ್ನೊಂದು ಮನೆ ಹತ್ತಿ ಇಳೀಬೇಕಿತ್ತು. ಪೇಂಟರ್ ಒಬ್ರಿದ್ದಾರಂತೆ, ಹೆಂಡ್ತಿ ನೋಡ್ಕೋತಾರಂತೆ. ಅವರದು ಇನ್ನು ಮುಂದಿನ ಸಲ. ಅದಕ್ಕೂ ನಾನೇ ಬರೋದು. ಈ ಕಡೆಗೆಲ್ಲ ನಾನೊಬ್ಬಳೇ."

ಅತ್ತೆ ಪೇಂಟರನ ಹೆಂಡತಿಯ ಕಡೆ ನೋಡಿದಳು.

ಅವಸರದಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ. ಇದೇ ಹುಡುಗಿ ಪೇಂಟರನ ಮನೆಯ ಬಾಗಿಲು ತಟ್ಟುತ್ತಾಳೆ. ಬಾಗಿಲು ತೆರೆಯುವವಳು ಇದೇ ಹೆಂಗಸು. ಆಗ ಇಲ್ಲಿನ ಸುಳ್ಳೂ ಬಯಲು, ಅಲ್ಲಿನ ನಿಜವೂ ಸುಳ್ಳು. ಅವಳು ಬಾಗಿಲು ತೆರೆಯದೆ ಎಲ್ಲಾದರೂ ಅಡಗಿದರೆ ಪೇಂಟರ್ ಆ ಮೂಲೆಯ ಅಜ್ಜನಂತೆ ಯಾರೂ ಇಲ್ಲದವನಾಗುತ್ತಾನೆ. ಅವರಿಬ್ಬರಿಗೆ ಅವರಿಬ್ಬರನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆ ಇರಲಿಲ್ಲ.

ಪೇಂಟರನ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಬೆರಳ ತುದಿ ಬಿಳುಚಿಕೊಳ್ಳುವಷ್ಟು ಸುತ್ತಿದಳು.

"ಮೇಡಂ," ಎಂದ ತಮ್ಮ. "ನಾನೊಂದು ಮಾತು ಹೇಳ್ಬೇಕು. ಇವರು..."

"ಇವನಿಗೆ ಆಪರೇಷನ್ ಅಂದ್ರೆ ಪುಕ್ಕಲು," ಎಂದು ಪೇಂಟರನ ಹೆಂಡತಿ ನಡುವೆ ಬಾಯಿಹಾಕಿದಳು. "ಬೇಡ ಬೇಡ ಅಂತಾನೇ ಇರ್ತಾನೆ. ಚಿಕ್ಕೋನಿದ್ದಾಗಿಂದ ಹೀಗೇ." ಅವಳು ತಮ್ಮನ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಕರುಣೆ ಇರಲಿಲ್ಲ, ಬರೀ ಸಿಟ್ಟು ಇತ್ತು. "ಸುಮ್ನಿರು. ನನ್ನ ಹೊಟ್ಟೆ ಉರಿಸ್ಬೇಡ. ಆಗಿದ್ದಾಯ್ತು. ಈಗ ನೀನು ಬೇಡ ಅಂದು ಇಬ್ರನ್ನೂ ಹಾಳು ಮಾಡ್ಬೇಡ."

"ಭಯ ಸಹಜ," ಎಂದಳು ಬಂದವಳು.

ಆಗಲೇ ಬೀದಿಯಲ್ಲಿ ಗಾಡಿಯ ಹಾರನ್ನು ಕೇಳಿಸಿತು. ಮೇಲೆ ಹಲಗೆ ಎಳೆದ ಸದ್ದು, ಹೆಜ್ಜೆಗಳು, ಮೇಸ್ತ್ರಿಯ "ಜೋಪಾನ, ಜೋಪಾನ."

"ಏನದು?"

ಅತ್ತೆ ತಡವರಿಸಲಿಲ್ಲ. "ನಮ್ಮನೆ ಸಾವು. ನೆಂಟರ ಹೆಂಗಸು. ಇವತ್ತು ತಗೊಂಡು ಹೋಗ್ತಿದ್ದಾರೆ."

"ಅಯ್ಯೋ, ಮೊದ್ಲೇ ಹೇಳ್ಬಾರ್ದಿತ್ತಾ! ನಾನು ಇಲ್ಲಿ ಚಹಾ ಕುಡೀತಾ ಕೂತಿದೀನಿ." ಅವಳು ಎದ್ದಳು. ಅವಳ ಮರುಕ ನಿಜವಾದದ್ದು. "ವಯಸ್ಸಾಗಿತ್ತಾ?"

"ಆಗಿತ್ತು ಅನ್ನಿ," ಎಂದಳು ಅತ್ತೆ. "ದುಡ್ದು ದುಡ್ದು ಆಗಿತ್ತು."

ತಮ್ಮ ಎದ್ದು ನಿಂತ. ಕಾಲು ತಾನಾಗಿ ಬಾಗಿಲ ಕಡೆ ಹೊರಟಿತು. ಹೆಗಲು ಕೊಡುವುದು ಹಾಳಾಗಲಿ, ಹಲಗೆಯ ಅಂಚು ಒಮ್ಮೆ ಮುಟ್ಟಿದರೆ ಸಾಕಿತ್ತು.

ಬಂದವಳು ಅವನ ದಾರಿಗೆ ಅಡ್ಡ ಕೈ ಚಾಚಿದಳು. ಮೃದುವಾಗಿ, ಮಗುವನ್ನು ಬೆಂಕಿಯಿಂದ ತಡೆಯುವವರ ಹಾಗೆ. "ನೀವು ಮಾತ್ರ ಹೋಗ್ಬೇಡಿ. ಸಾವಿನ ಗುಂಪಲ್ಲಿ ಸೋಂಕು ತಗುಲುತ್ತೆ. ಕಸಿಗೆ ಕಾಯೋರು ಇಂಥದ್ದರಿಂದ ದೂರ ಇರ್ಬೇಕು. ನಿಮ್ಮ ಮೇಲೆ ನಿಮಗೆ ಹಿಡಿತ ಇದೆಯಾ ಅಂತಾನೂ ನಾವು ನೋಡ್ತೀವಿ."

ಹಿಡಿತ! ಅನ್ನ ನೀರಿನ ಮೇಲೆ ಹಿಡಿತ, ಬಾಯಾರಿಕೆಯ ಮೇಲೆ ಹಿಡಿತ, ಈಗ ಕಣ್ಣೀರಿನ ಮೇಲೆಯೂ. ಬಡವ ಬದುಕಲು ಯೋಗ್ಯನೋ ಅಲ್ಲವೋ ಎಂದು ತೂಗುವ ತಕ್ಕಡಿಗೆ ಎಷ್ಟು ಹಾಕಿದರೂ ಸಾಲದು. ತಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತ.

"ಅವನಿಗೆ ಹಿಡಿತ ಇದೆ," ಎಂದಳು ಪೇಂಟರನ ಹೆಂಡತಿ. "ನೋಡಿ, ನಿಂತಿದ್ದಾನಲ್ಲ."

"ಕೊನೇದಾಗಿ ಒಂದು ಫೋಟೋ. ರೋಗಿ ಮತ್ತೆ ನೋಡ್ಕೊಳ್ಳೋರು ಒಟ್ಟಿಗೆ. ಇದು ನಮ್ಮ ದೊಡ್ಡಾಸ್ಪತ್ರೇಲೇ ಇರುತ್ತೆ, ಆಪರೇಷನ್‌ಗೆ ಕರೆದಾಗ ಇಬ್ರೂ ಇವರೇನಾ ಅಂತ ಗುರುತು ಹಿಡಿಯೋಕೆ. ಒಳಗೆ ಕತ್ತಲು. ಇಲ್ಲೇ ಬಾಗಿಲಲ್ಲೇ ನಿಂತ್ಕೊಳ್ಳಿ, ನನ್ನ ಕಡೆ ಮುಖ ಮಾಡಿ."

ಇಬ್ಬರೂ ಹೊಸ್ತಿಲ ಮೇಲೆ ನಿಂತರು. ಅವರ ಬೆನ್ನ ಹಿಂದೆ ಮೆಟ್ಟಿಲು. ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿಯುತ್ತಿದ್ದವು. ತಿರುವಿನಲ್ಲಿ ಹಲಗೆ ಗೋಡೆಗೆ ತಾಗಿ ಸುಣ್ಣ ಉದುರಿತು.

"ತಿರುಗ್ಬೇಡಿ. ನನ್ನನ್ನೇ ನೋಡಿ."

ತಮ್ಮ ನೋಡಿದ. ಬೆನ್ನಿಗೆ ಹಿಟ್ಟಿನ ವಾಸನೆ ಬಂದು ತಾಕಿತು. ಮೇಸ್ತ್ರಿಯ ಏದುಸಿರು ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಹಲಗೆಯ ಅಂಚು ಅವನ ಅಂಗಿಯನ್ನು ಸವರಿತು, ಅಥವಾ ಸವರಿತೆಂದು ಅವನಿಗನಿಸಿತು. ಪೇಂಟರನ ಹೆಂಡತಿ ಅವನ ಮುಂಗೈ ಹಿಡಿದಳು. ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಳು.

ಕ್ಲಿಕ್ ಎಂದಿತು.

ಹಲಗೆ ಮುಂದೆ ಹೋಯಿತು. ಕಾಲಿನ ಕಡೆ ಹಿಡಿದಿದ್ದ ಪೇಂಟರ್ ಬಾಗಿಲಿನ ಎದುರು ಒಂದು ಕ್ಷಣ ನಿಂತು ಉಸಿರೆಳೆದುಕೊಂಡ. ಅಂಗಿಯ ತೋಳು ಮೇಲಕ್ಕೆ ಮಡಚಿತ್ತು. ಬಂದವಳ ಕಣ್ಣು ಅವನ ಎಡಗೈಯ ಮೇಲೆ ಬಿತ್ತು. ಹಗ್ಗದಂಥ ನರ, ಅದರ ಮೇಲೆ ಸೂಜಿಯ ಹಳೆಯ ಹೊಸ ಗುರುತುಗಳು. ಅಂಥ ತೋಳು ಡಯಾಲಿಸಿಸ್ ರೋಗಿಯದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನೀವು...?" ಎಂದಳು.

ಪೇಂಟರ್ ಹೊಸ್ತಿಲಲ್ಲಿದ್ದ ಹೆಂಗಸನ್ನು ನೋಡಿದ. ಅವಳು ತಿರುಗಲಿಲ್ಲ.

"ಹೆಣ ಹೊರೋಕೆ ಬಂದೋನು ಮೇಡಂ," ಎಂದ. "ಇಲ್ಲಿ ನನಗೆ ಯಾರೂ ಪರಿಚಯ ಇಲ್ಲ."

ಹೆಜ್ಜೆಗಳು ಬೀದಿಗಿಳಿದವು. ಗಾಡಿಯ ಹಿಂಬಾಗಿಲು ಮುಚ್ಚಿದ ಸದ್ದಾಯಿತು.

ಬಂದವಳು ಫೋನನ್ನು ಮುಖದ ಹತ್ತಿರ ತಂದು ನೋಡಿದಳು. ತುಂಬ ಹೊತ್ತು ನೋಡಿದಳು. ಮುಂದೆ ತಮ್ಮ, ಪಕ್ಕದಲ್ಲಿ ಅವನ ಕೈ ಹಿಡಿದ ಹೆಂಗಸು. ಅವರಿಬ್ಬರ ನಡುವಿನ ಕಿಂಡಿಯಲ್ಲಿ ಹಲಗೆ. ಹಲಗೆಯ ಮೇಲೆ ಬಟ್ಟೆ ಜಾರಿ ಕಂಡ ಮುಖ. ಆ ಮುಖದ ದಪ್ಪ ಹುಬ್ಬು, ಚಪ್ಪಟೆ ಮೂಗು ಮುಂದೆ ನಿಂತ ಗಂಡಸಿನ ಮುಖದಲ್ಲೂ ಇದ್ದವು.

ಅವಳ ಹೆಬ್ಬೆರಳು ಪರದೆಯ ಮೇಲೆ ನಿಂತಿತು. ಆಮೇಲೆ ಒತ್ತಿತು. ಚಿತ್ರ ಅಳಿಸಿಹೋಯಿತು.

"ಇನ್ನೊಂದು ತೆಗೀತೀನಿ," ಎಂದಳು. ಕಣ್ಣೆತ್ತಲಿಲ್ಲ. "ಸ್ವಲ್ಪ ಹತ್ತಿರ ನಿಂತ್ಕೊಳ್ಳಿ."